ಕಟ್ಟಡ ಮೊದಲು ಮುಟ್ಟುವುದು ಮೈಯನ್ನು

ರೋಮ್‌ನ ಪ್ಯಾಂಥಿಯನ್ ಅನ್ನೋ ಪುರಾತನ ದೇಗುಲದ ಒಳಗೆ ನಿಂತಾಗ ನಿಮಗೆ ಕಣ್ಣು ತುಂಬಿ ಬಂತಂತೆ. ಗೆಳೆಯರು ಅದನ್ನು ಕೇಳಿ, "ಇತಿಹಾಸ ಓದಿಕೊಂಡು ಹೋಗಿದ್ರಲ್ಲ, ಅದಕ್ಕೇ ಹಾಗಾಗಿದ್ದು, ಕಟ್ಟಡದಲ್ಲಿ ಏನಿದೆ" ಅಂದರಂತೆ. ಕಟ್ಟಡವೇ ತಟ್ಟಿತು ಅನ್ನೋ ನೀವು ಸರಿಯೋ, ಅವರು ಸರಿಯೋ ಅಂತ ಕೇಳಿದ್ದೀರಿ. ನೀವೇ ಸರಿ. ಬರೀ ಇತಿಹಾಸವೇ ಸಾಕಾಗಿದ್ದರೆ ಮನೆಯಲ್ಲಿ ಓದುವಾಗಲೇ ಕಣ್ಣು ತುಂಬಬೇಕಿತ್ತು, ಅಲ್ವಾ?

ಅಲ್ಲಿ ನಿಮಗೆ ಏನೇನಾಯಿತು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಮೊದಲು ಹದಿನಾರು ದಪ್ಪ ಕಂಬಗಳ ನೆರಳು, ಆಮೇಲೆ ಬಾಗಿಲು, ದಾಟಿದ ಕೂಡಲೇ ಜಾಗ ಒಮ್ಮೆಗೇ ತೆರೆದುಕೊಳ್ಳುತ್ತದೆ. ಗುಮ್ಮಟದ ಅಗಲ ಸುಮಾರು 43 ಮೀಟರ್, ನೆಲದಿಂದ ಎತ್ತರವೂ ಅಷ್ಟೇ, ಹಾಗಾಗಿ ಒಂದು ದೊಡ್ಡ ಗೋಳದ ಒಳಗೆ ನಿಂತ ಹಾಗಾಗುತ್ತದೆ. ನೆತ್ತಿಯಲ್ಲಿರುವ ಕಿಂಡಿಗೆ ಗಾಜಿಲ್ಲ. ಬಿಸಿಲು ಬೀಳುತ್ತದೆ, ಮಳೆಯೂ ಬೀಳುತ್ತದೆ. ಆ ಬೆಳಕಿನ ಬಿಲ್ಲೆ ಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತಿರುತ್ತದೆ. ಇದನ್ನೆಲ್ಲ ಅರ್ಥ ಮಾಡಿಕೊಳ್ಳುವ ಮೊದಲೇ ಕತ್ತು ಮೇಲೆತ್ತಿರುತ್ತದೆ, ಮಾತು ನಿಂತಿರುತ್ತದೆ. ಓದಿದ್ದು ನೆನಪಾಗುವುದು ಆಮೇಲೆ.

ಬರ್ಲಿನ್‌ನ ಯಹೂದಿ ಮ್ಯೂಸಿಯಂನಲ್ಲಿ ಇದು ಇನ್ನೂ ಸ್ಪಷ್ಟ. ವಾಸ್ತುಶಿಲ್ಪಿ ಡೇನಿಯಲ್ ಲಿಬೆಸ್ಕಿಂಡ್ ಅಲ್ಲೊಂದು ಕಾಂಕ್ರೀಟ್ ಗೋಪುರ ಕಟ್ಟಿದ್ದಾರೆ. ಒಳಗೆ ನೋಡೋಕೆ ಅಂತ ಏನೂ ಇಟ್ಟಿಲ್ಲ. ಚಳಿ, ಕತ್ತಲೆ, ತುಂಬ ಮೇಲಿನ ಒಂದು ಸೀಳಿನಿಂದ ಬರುವ ಬೆಳಕು, ಅಷ್ಟೇ. ಹೊರಗೆ, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಹೋಗಬೇಕಾದ ಯಹೂದಿಗಳ ನೆನಪಿಗೆ 49 ಕಂಬಗಳ ತೋಟವಿದೆ, ಅದರ ನೆಲವೇ ಓರೆ. ನಡೆಯುವವರಿಗೆ ತಲೆ ಸುತ್ತಿದ ಹಾಗಾಗುತ್ತದೆ. ಕಾಲಡಿಯ ನೆಲವನ್ನು ನಂಬೋಕಾಗದ ಸ್ಥಿತಿ ಹೇಗಿರುತ್ತದೆ ಅನ್ನೋದು ಫಲಕ ಓದದವರಿಗೂ ತಟ್ಟುತ್ತದೆ. ನನ್ನ ಪ್ರಕಾರ ಒಂದು ಕಟ್ಟಡ ಇದಕ್ಕಿಂತ ನೇರವಾಗಿ ಮಾತಾಡೋಕೆ ಸಾಧ್ಯವಿಲ್ಲ.

ಮುಗಿಲೆತ್ತರದ ಗಾಜಿನ ಟವರ್ ನೋಡಿದಾಗ ಮಾತ್ರ ಯಾಕೆ ಏನೂ ಅನ್ನಿಸಲ್ಲ ಅಂತಲೂ ಕೇಳಿದ್ದೀರಿ. ಎತ್ತರ ನಮ್ಮನ್ನು ಬೆರಗುಗೊಳಿಸಬಹುದು, ಆದರೆ ಅದೊಂದೇ ಸಾಲದು. ವಾಷಿಂಗ್ಟನ್‌ನಲ್ಲಿರುವ ವಿಯೆಟ್ನಾಂ ಯುದ್ಧದ ಸ್ಮಾರಕ ಮೇಲೆದ್ದು ನಿಲ್ಲುವುದೇ ಇಲ್ಲ, ನೆಲದೊಳಕ್ಕೆ ಇಳಿಯುತ್ತದೆ. ಅದನ್ನು ರೂಪಿಸಿದಾಗ ಮಾಯಾ ಲಿನ್ ಇನ್ನೂ ಓದುತ್ತಿದ್ದ ಹುಡುಗಿ. 1982ರಲ್ಲಿ ಮುಗಿದ ಆ ಕಪ್ಪು ಗ್ರಾನೈಟ್ ಗೋಡೆಯ ಮೇಲೆ ಆ ಯುದ್ಧದಲ್ಲಿ ಸತ್ತ, ಕಾಣೆಯಾದ ಅಮೆರಿಕನ್ ಸೈನಿಕರ 58,000ಕ್ಕೂ ಜಾಸ್ತಿ ಹೆಸರುಗಳಿವೆ. ಕಲ್ಲು ಎಷ್ಟು ನುಣುಪು ಅಂದರೆ ಹೆಸರು ಓದುವವರ ಮುಖ ಆ ಹೆಸರುಗಳ ನಡುವೆಯೇ ಕಾಣುತ್ತದೆ. ಜನ ತಾವಾಗಿಯೇ ಕೈ ಚಾಚಿ ಅಕ್ಷರಗಳನ್ನು ಮುಟ್ಟುತ್ತಾರೆ. ನೀವು ಹೇಳುವ ಟವರ್‌ಗಳಲ್ಲಿ ಹೆಚ್ಚಿನವನ್ನು ದೂರದಿಂದ ನೋಡೋಕೆ ಕಟ್ಟಿರುತ್ತಾರೆ. ಹತ್ತಿರ ಹೋದವರಿಗೆ ಅಲ್ಲಿ ಸಿಗುವುದು ಒಂದು ಲಿಫ್ಟ್ ಮಾತ್ರ.