ಕಾಮನಬಿಲ್ಲು ಬೇಡ, ಅವನನ್ನು ಬರೆಯಿರಿ

ಪ್ರಶ್ನೆ: ಮೇಡಂ, ನಾನು ಹುಡುಗ, ಪ್ರೀತಿಸುತ್ತಿರುವುದೂ ಹುಡುಗನನ್ನೇ. ತಕ್ಕಮಟ್ಟಿಗೆ ಚಿತ್ರ ಬರೆಯುತ್ತೇನೆ. ಅವನ ಭಾವಚಿತ್ರ ಬರೆಯಬೇಕು, ಅದರಲ್ಲಿ ನಮ್ಮ ಪ್ರೀತಿ ಕಾಣಬೇಕು ಅಂತ ಆಸೆ. ಹಿಂದೆ ಕಾಮನಬಿಲ್ಲು ಹಾಕಿದರೆ ಪೋಸ್ಟರ್ ಆಗುತ್ತದೆ, ಹಾಕದಿದ್ದರೆ ಆಧಾರ್ ಕಾರ್ಡಿನ ಫೋಟೋ ಥರ ಕಾಣುತ್ತದೆ. ಏನು ಮಾಡಲಿ?
— ಹೆಸರು ಬೇಡ, ಧಾರವಾಡ

ಉತ್ತರ: ಕಾಮನಬಿಲ್ಲು ತೆಗೆದುಬಿಡಿ. ಅದು ಸಲಿಂಗಪ್ರೇಮಿಗಳ ಬಾವುಟದ ಬಣ್ಣ, ಅವರ ಪ್ರೈಡ್ ಮೆರವಣಿಗೆಗೆ ಸರಿ, ನೀವು ಬರೆಯುತ್ತಿರುವುದು ಒಬ್ಬನನ್ನು, ಅಲ್ವಾ? ಮೊಬೈಲಿನ ಫೋಟೋ ನೋಡಿ ಬರೆಯುತ್ತಿದ್ದೀರಿ ಅಂತ ನನ್ನ ಗುಮಾನಿ. ಅವನನ್ನೇ ಎದುರಿಗೆ ಕೂರಿಸಿ. ಹತ್ತು ನಿಮಿಷಕ್ಕೆ ಭುಜ ಇಳಿಯುತ್ತದೆ, ಫೋಟೋಗೆ ಅಂತ ಇಟ್ಟುಕೊಂಡ ನಗು ಹೋಗುತ್ತದೆ, ಆಮೇಲೆ ಉಳಿಯುವ ಮುಖ ನಿಮಗೆ ಮಾತ್ರ ಗೊತ್ತಿರುವ ಮುಖ.

ಬರೋಡಾದ ಭೂಪೇನ್ ಖಖ್ಖರ್ ಚಿತ್ರಗಳನ್ನು ಹುಡುಕಿ ನೋಡಿ. ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ, ಹೊಟ್ಟೆಪಾಡಿಗೆ ಲೆಕ್ಕ ಬರೆಯುತ್ತಲೇ ಚಿತ್ರ ಬರೆದವರು, ನಿಮ್ಮ ಹಾಗೇ ಗಂಡಸರನ್ನು ಪ್ರೀತಿಸಿದವರು. 1970ರ ದಶಕದ ಶುರುವಿನಲ್ಲಿ ವಾಚ್ ರಿಪೇರಿಯವನು, ದರ್ಜಿ, ಅಸಿಸ್ಟೆಂಟ್ ಅಕೌಂಟೆಂಟ್, ಹೀಗೆ ಯಾರೂ ತಿರುಗಿ ನೋಡದ ಗಂಡಸರನ್ನು ಬರೆದರು. ಅಷ್ಟು ಹೊತ್ತು ನೋಡಿದ್ದರಲ್ಲೇ ಅರ್ಧ ಮಾತು ಹೇಳಿಯಾಗಿತ್ತು ಅಂತ ನನಗೆ ಅನ್ನಿಸುತ್ತದೆ. ಉಳಿದರ್ಧ 1981ರ ‘ಯು ಕಾಂಟ್ ಪ್ಲೀಸ್ ಆಲ್’ನಲ್ಲಿ ಬಂತು: ಬಾಲ್ಕನಿಯಲ್ಲಿ ಬಟ್ಟೆಯಿಲ್ಲದೆ ನಿಂತ ಗಂಡಸು, ಕೆಳಗೆ ಅಪ್ಪ, ಮಗ, ಕತ್ತೆಯ ಹಳೇ ಕಥೆ. ಮರುವರ್ಷ ಬನಾರಸಿನ ಚಿತ್ರದಲ್ಲಿ ಇಬ್ಬರು ಗಂಡಸರು ತಬ್ಬಿಕೊಂಡೇ ನಿಂತರು. ಇಂಥ ಪ್ರೀತಿಯನ್ನು ಅಪರಾಧ ಮಾಡಿದ್ದ 377ನೇ ಸೆಕ್ಷನ್ನಿನ ಕಾಟವನ್ನು ಸುಪ್ರೀಂ ಕೋರ್ಟ್ ತಪ್ಪಿಸಿದ್ದು 2018ರಲ್ಲಿ, ಖಖ್ಖರ್ ತೀರಿಕೊಂಡಿದ್ದು 2003ರಲ್ಲಿ.

ಇನ್ನೊಬ್ಬರು ಕ್ಯಾಲಿಫೋರ್ನಿಯಾದ ಡಾನ್ ಬಚಾರ್ಡಿ. ಸಂಗಾತಿ ಕ್ರಿಸ್ಟೋಫರ್ ಈಶರ್‌ವುಡ್ (ರಾಮಕೃಷ್ಣ ಪರಮಹಂಸರ ಬಗ್ಗೆ ಇಂಗ್ಲಿಷಿನಲ್ಲಿ ಬರೆದವರೇ) ಕ್ಯಾನ್ಸರಿನಿಂದ ಮಲಗಿದ್ದಾಗ, 1986ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ, ಎದುರಿಗೆ ಕೂತು ಅವರನ್ನು ಬರೆಯುತ್ತಲೇ ಇದ್ದರು. ಕುಗ್ಗಿದ ಬಾಯಿ, ನೋವಿಗೆ ಗಂಟಿಕ್ಕಿದ ಹಣೆ, ಅಷ್ಟೇ. ಪ್ರೀತಿ ಅಂತ ಎಲ್ಲೂ ಬರೆದಿಲ್ಲ, ಆದರೂ ಆ ಚಿತ್ರಗಳನ್ನೆಲ್ಲ ಒಟ್ಟಿಗೆ ನೋಡುವುದು ಕಷ್ಟ.

ಬಚಾರ್ಡಿಯವರ ಇನ್ನೊಂದು ಪದ್ಧತಿ ನನಗೆ ಇಷ್ಟ. ಚಿತ್ರ ಮುಗಿದ ಮೇಲೆ ಕೂತವರ ಕೈಯಲ್ಲೇ ಸಹಿ ಹಾಕಿಸುತ್ತಾರೆ. ನೀವೂ ಹಾಕಿಸಿ. ಅವನು ಹಿಂಜರಿದರೆ ಒತ್ತಾಯ ಬೇಡ, ಇನ್‌ಸ್ಟಾಗ್ರಾಂಗೂ ಬೇಡ. ಅವನ ಮನೆಯಲ್ಲಿ ಗೊತ್ತಿಲ್ಲದಿದ್ದರೆ ನಿಮ್ಮ ಕಲೆಗಿಂತ ಅವನ ಕ್ಷೇಮ ದೊಡ್ಡದು. ಬೆನ್ನು ಬರೆಯಿರಿ, ಕೈ ಬರೆಯಿರಿ.

ಪ್ರಶ್ನೆ: ನಾವಿಬ್ಬರೂ ಹೆಂಗಸರು, ಒಟ್ಟಿಗೆ ಇದ್ದೇವೆ. ಚಿತ್ರ ಬರೆಯಲು ಬರುವುದಿಲ್ಲ. ಬರೆಸೋಣ ಅಂದರೆ ಸಂಕೋಚ.
— ಇಬ್ಬರು, ಶಿವಮೊಗ್ಗ

ಉತ್ತರ: ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಬನ್ನಿ. ಕುಮಾರಕೃಪಾ ರಸ್ತೆಯಲ್ಲಿ ಸ್ಟೂಲು ಹಾಕಿಕೊಂಡು ಸ್ಥಳದಲ್ಲೇ ಮುಖ ಬರೆದುಕೊಡುವವರು ಸಿಗುತ್ತಾರೆ. ಆ ಗದ್ದಲದಲ್ಲಿ ಯಾರಿಗೂ ನಿಮ್ಮ ಕಡೆ ಗಮನ ಇರುವುದಿಲ್ಲ. ಇಬ್ಬರನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ ಅಂತ ಮೊದಲೇ ಹೇಳಿ, ರೇಟೂ ಮೊದಲೇ ಕೇಳಿಕೊಳ್ಳಿ. ಬೆಳಗ್ಗೆ ಬೇಗ ಬಂದರೆ ಒಳ್ಳೆಯದು, ಮಧ್ಯಾಹ್ನದ ಮೇಲೆ ಕಾಲಿಡಲು ಜಾಗ ಇರುವುದಿಲ್ಲ.