ಬೆಳಗಿನ ಶುಗರ್ ಮಾತ್ರ ಇಳಿಯದಿದ್ದರೆ

ಬಸಿರಿನ 28ನೇ ವಾರ, ಶುಗರ್ ಊಟದ ನಂತರ ಸರಿಯಿದೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರ 100 ದಾಟುತ್ತದೆ, ರಾತ್ರಿ ಊಟ ಬಿಟ್ಟರೂ ಇಳಿಯಲಿಲ್ಲ ಅಂದಿದ್ದೀರಿ. ಇದು ಬಹುಶಃ ನಿಮ್ಮ ಊಟದ ತಪ್ಪಲ್ಲ. ಬಸಿರಿನ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ, ಲಿವರ್ ರಾತ್ರಿಯಿಡೀ ಸಕ್ಕರೆ ಬಿಡುತ್ತಲೇ ಇರುತ್ತದೆ. ನನಗೂ ಹೀಗೇ ಇತ್ತು.

ಮೊದಲು ಊಟ ಬಿಡುವುದನ್ನು ನಿಲ್ಲಿಸಿ. ಎಂಟರೊಳಗೆ ಉಂಡುಬಿಡಿ. ಮುದ್ದೆ ಸಣ್ಣದು, ಕಾಳು ಸೊಪ್ಪು ಜಾಸ್ತಿ. ಆಮೇಲೆ ಹದಿನೈದು ನಿಮಿಷ ನಡೆಯಿರಿ. ಮಲಗುವ ಮುಂಚೆ ಒಂದು ಹಿಡಿ ಹುರಿದ ಕಡಲೆಕಾಯಿ ತಿಂದು ನೋಡಿ. ಕೆಲವರಿಗೆ ಇದರಿಂದ ಇಳಿಯುತ್ತದೆ, ಕೆಲವರಿಗೆ ಅಂಕಿ ಕದಲುವುದೇ ಇಲ್ಲ. ಬೆಳಗ್ಗೆ ಕೈ ತೊಳೆದು, ಪೂರ್ತಿ ಒರೆಸಿ ಚುಚ್ಚಿ. ಬೆರಳಲ್ಲಿ ಹಣ್ಣಿನ ಅಂಟಿದ್ದರೂ ಮೀಟರ್ ಸುಮ್ನೆ ಜಾಸ್ತಿ ತೋರಿಸುತ್ತದೆ.

ಮೂರು ನಾಲ್ಕು ದಿನ ಬರೆದಿಡಿ. 95ರ ಕೆಳಗೆ ಬರದಿದ್ದರೆ ಮುಂದಿನ ಚೆಕಪ್ ತನಕ ಕಾಯಬೇಡಿ, ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ರಾತ್ರಿ ಹೊತ್ತಿಗೆ ಇನ್ಸುಲಿನ್ ಬರೆದುಕೊಡಬಹುದು. ಅದು ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ, ಹೆದರಬೇಡಿ. ಹೆರಿಗೆಯಾಗಿ 6ರಿಂದ 12 ವಾರದೊಳಗೆ ಶುಗರ್ ಸರಿಹೋಗಿದೆಯಾ ಅಂತ ನೋಡಲು 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಟೆಸ್ಟ್ ಇರುತ್ತದೆ. ಬಾಣಂತನದ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಅದನ್ನೇ, ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.