2008ರ ಲೆಕ್ಕ ಈಗಲೂ ಅಷ್ಟೇನಾ?

ತಂದೆಯವರಿಗೆ ಮುಂದುವರಿದ ಲಿವರ್ ಕ್ಯಾನ್ಸರ್, 2008ರ ಲೇಖನದಲ್ಲಿ ‘ವರ್ಷವೂ ಕಷ್ಟ’ ಅಂತಿದೆ, ಈಗಲೂ ಹಾಗೇನಾ ಅಂತ ಕೇಳಿದ್ದೀರಿ. ಇಲ್ಲ, ಬದಲಾಗಿದೆ. ಆ ವರ್ಷ ಪ್ರಕಟವಾದ ಸೊರಾಫೆನಿಬ್ ಮಾತ್ರೆಯ ಪ್ರಯೋಗದಲ್ಲಿ ಅರ್ಧದಷ್ಟು ರೋಗಿಗಳು 10.7 ತಿಂಗಳು ದಾಟಿದ್ದರು. ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ ಅದು 7.9. ಆಗ ಅದೇ ದೊಡ್ಡ ಸುದ್ದಿ! ಆಮೇಲೆ ಅಟೆಜೊಲಿಜುಮಾಬ್, ಬೆವಾಸಿಜುಮಾಬ್ ಎರಡನ್ನೂ ಜೊತೆಯಾಗಿ ಡ್ರಿಪ್‌ನಲ್ಲಿ ಕೊಡುವ ಚಿಕಿತ್ಸೆ ಬಂತು. ಅದರ ಪ್ರಯೋಗದಲ್ಲಿ ಇದೇ ಲೆಕ್ಕ 19.2 ತಿಂಗಳಿಗೆ ಏರಿತು.

ಒಂದು ಮಾತು ಮಾತ್ರ. ಈ ಪ್ರಯೋಗಗಳಿಗೆ ಸೇರಿದವರ ಲಿವರ್ ಇನ್ನೂ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಸಿರೋಸಿಸ್ (ಲಿವರ್ ಗಟ್ಟಿಯಾಗಿ ಹಾಳಾಗುವುದು) ಜಾಸ್ತಿ ಇದ್ದರೆ ಕಥೆಯೇ ಬೇರೆ, ಅಲ್ವಾ? ಸುಮ್ನೆ ಮೊಬೈಲ್‌ನಲ್ಲಿ ಹುಡುಕುವ ಬದಲು, ‘ಚೈಲ್ಡ್-ಪ್ಯೂ ಎ, ಬಿ, ಸಿ ಯಾವುದು?’ ಅಂತ ಡಾಕ್ಟರನ್ನು ಕೇಳಿ. ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಹೇಳುವ ಶ್ರೇಣಿ ಅದು; ಎ ಅಂದರೆ ಚೆನ್ನಾಗಿದೆ, ಸಿ ಅಂದರೆ ತುಂಬಾ ಹಾಳಾಗಿದೆ. ಬೆವಾಸಿಜುಮಾಬ್‌ನಿಂದ ರಕ್ತಸ್ರಾವದ ಅಪಾಯ ಇದೆ. ಅದಕ್ಕೇ, ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿವೆಯಾ ಅಂತ ನೋಡಲು ಮೊದಲು ಎಂಡೋಸ್ಕೋಪಿ ಮಾಡುತ್ತಾರಾ ಅಂತಲೂ ವಿಚಾರಿಸಿ.